ಒಂದಕ್ಕೆ ಒಂದು ಕೂಡಿದರೆ ಎರಡೂಕಾಲು

ಹಳ್ಳಿಯ ಕಡೆ ‘ಬ್ಯಾಟರಿ’ ಅಂದರೆ ಇವತ್ತಿಗೂ ಟಾರ್ಚು. ‘ಕತ್ತಲಾಯ್ತು, ಬ್ಯಾಟರಿ ಹಿಡ್ಕೊಂಡು ಹೋಗು’ ಎನ್ನುತ್ತಾರೆ. ಅದರ ಹೊಟ್ಟೆಗೆ ಹಾಕುವುದು ಸೆಲ್ಲು. ಎರಡು ಸೆಲ್ಲಿನದು ಮನೆಮಂದಿಗೆ, ಮೂರು ಸೆಲ್ಲಿನದು ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋಗುವವರಿಗೆ. ಐದು ಸೆಲ್ಲಿನ ಉದ್ದನೆಯ ಬ್ಯಾಟರಿ ಇದ್ದವರ ಗತ್ತೇ ಬೇರೆ. ಅದನ್ನು ಒಮ್ಮೆ ಆಚೆ ಗುಡ್ಡದ ಮೇಲೆ ಬಿಟ್ಟು ತೋರಿಸದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಸೆಲ್ಲು ಹೆಚ್ಚಿದಷ್ಟೂ ಬೆಳಕು ಜೋರು ಎಂಬ ಲೆಕ್ಕವನ್ನು ಯಾರೂ ಶಾಲೆಯಲ್ಲಿ ಕಲಿಯಲಿಲ್ಲ, ಕೈಯಲ್ಲೇ ಕಲಿತರು. ಒಂದರ ತಲೆಗೆ ಇನ್ನೊಂದರ ಬುಡ ತಾಗಿಸಿ ಕೂರಿಸಿದರೆ ಒಂದೂವರೆ ವೋಲ್ಟು ಮೂರಾಗುತ್ತದೆ, ಮೂರು ನಾಲ್ಕೂವರೆಯಾಗುತ್ತದೆ. ಇದು ಸರಣಿ ಜೋಡಣೆ. ಅಂಗಡಿಯ ಭಾಷೆಯಲ್ಲಿ ಸೀರೀಸ್.

ಮನೆಗೆ ಇನ್ವರ್ಟರು ಬಂದಾಗ ಈ ಟಾರ್ಚಿನ ಲೆಕ್ಕವೂ ಅದರ ಜೊತೆಗೇ ಒಳಗೆ ಬಂತು. ತಕರಾರು ಶುರುವಾದದ್ದು ಅಲ್ಲಿಂದ.

ಹೊಸನಗರದ ಕಡೆಯ ಒಂದು ಅಡಿಕೆ ತೋಟದ ಮನೆ ಎಂದು ಇಟ್ಟುಕೊಳ್ಳೋಣ. ಜೂನ್ ಮುಗಿಯುವ ಹೊತ್ತು, ಲೈನಿನ ಮೇಲೆ ಎಲ್ಲೋ ಮರ ಬಿದ್ದಿದೆ, ಕರೆಂಟು ಹೋಗಿ ಎರಡು ದಿನ. ಜಗಲಿಯ ಮೂಲೆಯಲ್ಲಿ ಇನ್ವರ್ಟರು, ಅದರ ಪಕ್ಕ 12 ವೋಲ್ಟಿನ, 150 ಎಎಚ್‌ನ ಎತ್ತರದ ಟ್ಯೂಬುಲರ್ ಬ್ಯಾಟರಿ. ಮುಂದಿನ ಮಳೆಗಾಲಕ್ಕೆ ಇದು ಸಾಲದು ಎಂದು ಯಜಮಾನರು ಅಂಥದ್ದೇ ಇನ್ನೊಂದನ್ನು ತರಿಸುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಎಳೆದು ನಟ್ಟು ಬಿಗಿಯುತ್ತಾನೆ. ಒಳಗಿನಿಂದ ಪ್ರಶ್ನೆ ತೇಲಿ ಬರುತ್ತದೆ: ‘ಈಗ ಮಿಕ್ಸಿ ಹಾಕಬಹುದಾ?’

ಇಲ್ಲ. ಅವನು ಜೋಡಿಸಿದ್ದು ಸೀರೀಸ್ ಅಲ್ಲ, ಪ್ಯಾರಲಲ್. ಪಠ್ಯಪುಸ್ತಕ ಇದನ್ನು ಸಮಾಂತರ ಜೋಡಣೆ ಎನ್ನುತ್ತದೆ. ಇಲ್ಲಿ ವೋಲ್ಟು ಏರುವುದಿಲ್ಲ; 12ಕ್ಕೆ 12 ಸೇರಿದರೂ 12. ಕೂಡುವುದು ಆಂಪಿಯರ್-ಗಂಟೆ, ಅಂದರೆ ಎಎಚ್: 150ಕ್ಕೆ 150 ಸೇರಿ 300. ಮಿಕ್ಸಿ ಓಡಬೇಕೋ ಬೇಡವೋ ಎನ್ನುವುದು ಇನ್ವರ್ಟರಿನ ಒಳಗಿರುವ ಟ್ರಾನ್ಸಿಸ್ಟರು, ಟ್ರಾನ್ಸ್‌ಫಾರ್ಮರುಗಳ ತಾಕತ್ತಿಗೆ ಸೇರಿದ ವಿಷಯ. ಅದರ ಮೇಲೆ 900 ವಿಎ ಎಂದು ಬರೆದಿದ್ದರೆ ಹಿಂದೆ ಹತ್ತು ಬ್ಯಾಟರಿ ಕಟ್ಟಿದರೂ ಅದು 900 ವಿಎ ಇನ್ವರ್ಟರೇ. ಎರಡನೆಯ ಬ್ಯಾಟರಿ ತರುವುದು ಜೋರನ್ನಲ್ಲ, ಹೊತ್ತನ್ನು.

ಹಾಗೆಂದು ‘ಪವರ್ ಡಬಲ್ ಆಗುತ್ತದೆ’ ಎಂದು ಅಂಗಡಿಯವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಆಡುಮಾತಿನಲ್ಲಿ ‘ಪವರ್’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ವಾಟ್ ಎನ್ನುವುದು ಈ ಕ್ಷಣ ಎಷ್ಟು ರಭಸದಲ್ಲಿ ಖರ್ಚು ಎಂಬುದರ ಅಳತೆ. ವಾಟ್-ಗಂಟೆ ಒಟ್ಟು ದಾಸ್ತಾನು. ಕರೆಂಟು ಬಿಲ್ಲಿನಲ್ಲಿ ಬರುವ ‘ಯೂನಿಟ್’ ಅಂದರೆ ಇಂಥ 1,000 ವಾಟ್-ಗಂಟೆ. 12 ವೋಲ್ಟನ್ನು 150 ಆಂಪಿಯರ್-ಗಂಟೆಯಿಂದ ಗುಣಿಸಿದರೆ 1,800 ವಾಟ್-ಗಂಟೆ. ಅಂದರೆ ಹದಿನೈದು ಸಾವಿರಕ್ಕೂ ಹೆಚ್ಚು ಕೊಟ್ಟು, ಇಬ್ಬರು ಹಿಡಿದು ಎತ್ತಿ ತಂದ ಆ ಭಾರದ ಪೆಟ್ಟಿಗೆಯೊಳಗೆ ಇರುವುದು ಎರಡು ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ತು. ಎರಡು ಪೆಟ್ಟಿಗೆಗೆ 3,600, ಮೂರೂವರೆ ಯೂನಿಟ್ಟಿನ ಆಸುಪಾಸು. ಇದನ್ನು ಕೇಳಿದ ಮೇಲೆ ಬ್ಯಾಟರಿ ಕಡೆ ನೋಡುವ ನೋಟವೇ ಬದಲಾಗುತ್ತದೆ.

ಈಗ ಆ ಮನೆಯ ಲೋಡು. ತಲಾ 75 ವಾಟಿನ ಮೂರು ಹಳೆಯ ಫ್ಯಾನು, 9 ವಾಟಿನ ಎಂಟು ಎಲ್‌ಇಡಿ ಬಲ್ಬು, 50 ವಾಟಿನ ಟಿವಿ, 10 ವಾಟಿನ ವೈಫೈ ಡಬ್ಬಿ. ಒಟ್ಟು 357 ವಾಟ್. ಇನ್ವರ್ಟರು ಪುಕ್ಕಟೆ ದುಡಿಯುವುದಿಲ್ಲ, ನೂರರಲ್ಲಿ ಹದಿನೈದನ್ನು ತಾನೇ ಬಿಸಿಯಾಗಿ ತಿನ್ನುತ್ತದೆ ಎಂದು ಹಿಡಿದರೆ ಬ್ಯಾಟರಿಯ ಮೇಲೆ ಬೀಳುವ ಭಾರ 420 ವಾಟ್. 12ರಿಂದ ಭಾಗಿಸಿದರೆ 35 ಆಂಪಿಯರ್. 150 ಎಎಚ್ ಅನ್ನು 35ರಿಂದ ಭಾಗಿಸಿ. ನಾಲ್ಕು ಗಂಟೆ ಹದಿನೇಳು ನಿಮಿಷ. ಎರಡು ಬ್ಯಾಟರಿಗೆ ಎಂಟು ಗಂಟೆ ಮೂವತ್ತನಾಲ್ಕು ನಿಮಿಷ. ಕ್ಯಾಲ್ಕುಲೇಟರಿನ ಮಾತು ಇಷ್ಟೇ.

ಮನೆಯವರ ಅನುಭವ ಬೇರೆ. ಒಂದೇ ಬ್ಯಾಟರಿ ಇದ್ದಾಗ ನಾಲ್ಕು ಗಂಟೆ ಒಮ್ಮೆಯೂ ಬಂದದ್ದಿಲ್ಲ. ಮೂರು ಗಂಟೆಯ ಸುಮಾರಿಗೆ ಇನ್ವರ್ಟರು ಕುಂಯ್‌ಗುಟ್ಟಿ ಕೈಚೆಲ್ಲುತ್ತಿತ್ತು. ಕಂಪನಿ ಮೋಸ ಮಾಡಿತು ಎಂದು ಬೈಯುವ ಮೊದಲು ಬ್ಯಾಟರಿಯ ಮೈಮೇಲಿನ ಚಿಕ್ಕ ಅಕ್ಷರ ಓದಬೇಕು. ಆ 150ರ ಪಕ್ಕ ‘ಸಿ-20’ ಎಂದಿರುತ್ತದೆ. ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, 7.5 ಆಂಪಿಯರ್‌ನಂತೆ ಎಳೆದರೆ ಮಾತ್ರ 150 ಸಿಗುತ್ತದೆ ಎಂದು ಅದರ ಅರ್ಥ. 35 ಆಂಪಿಯರ್ ಅಂದರೆ ಅದರ ನಾಲ್ಕೂ ಮುಕ್ಕಾಲು ಪಟ್ಟಿಗೆ ಹತ್ತಿರ ಹತ್ತಿರ.

ಅವಸರಕ್ಕೆ ದಂಡ ಕಟ್ಟಬೇಕಾದ ಈ ಗುಣವನ್ನು 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ ಸೂತ್ರಕ್ಕೆ ಇಳಿಸಿದ. ಸೀಸದ ಬ್ಯಾಟರಿಯನ್ನು ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಕಡಿಮೆ ಸಿಗುತ್ತದೆ. ಒಳಗೆ ನಡೆಯುವುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಸೀಸದ ಫಲಕಗಳು ಸ್ಪಂಜಿನಂತೆ ತೂತುತೂತು. ಆ ತೂತುಗಳ ಒಳಗಿನ ಆಸಿಡ್ಡು ಖರ್ಚಾದಂತೆ ಹೊರಗಿನ ಆಸಿಡ್ಡು ನಿಧಾನಕ್ಕೆ ಒಳಗೆ ಇಳಿದು ಬರಬೇಕು. ಎಳೆತ ಜೋರಾದರೆ ಅದು ಬಂದು ಮುಟ್ಟುವಷ್ಟರಲ್ಲಿ ವೋಲ್ಟೇಜು ಬಿದ್ದುಹೋಗಿರುತ್ತದೆ. ಇನ್ವರ್ಟರಿಗೆ ಕಾಣುವುದು ವೋಲ್ಟೇಜು ಮಾತ್ರ. ಅದು ಅಂಗಡಿ ಬಾಗಿಲು ಹಾಕುತ್ತದೆ. ಉಗ್ರಾಣದಲ್ಲಿ ಅಕ್ಕಿ ಇದೆ, ಬಡಿಸುವವರ ಕೈಗೆ ಬಂದಿಲ್ಲ. ಅರ್ಧ ಗಂಟೆ ಬಿಟ್ಟು ಸ್ವಿಚ್ಚು ಹಾಕಿದರೆ ಇನ್ನೊಂದಿಷ್ಟು ಹೊತ್ತು ಉರಿಯುವುದು ಇದಕ್ಕೇ.

ಸೂತ್ರದಲ್ಲಿ ಒಂದು ಘಾತಾಂಕ ಬರುತ್ತದೆ. ದ್ರವ ಆಸಿಡ್ಡಿನ ಬ್ಯಾಟರಿಗೆ ಅದನ್ನು 1.2 ಎಂದು ಹಿಡಿಯುವುದು ನ್ಯಾಯವಾದ ಅಂದಾಜು. ಲೆಕ್ಕ ಹಾಕಿದರೆ ಒಂದು ಬ್ಯಾಟರಿ 35 ಆಂಪಿಯರ್‌ಗೆ ಮೂರು ಗಂಟೆ ಒಂಬತ್ತು ನಿಮಿಷ ತಾಳುತ್ತದೆ. ಮನೆಯವರ ದೂರು ಸರಿಯೇ. ಸಮಾಂತರದಲ್ಲಿ ಎರಡು ಕಟ್ಟಿದಾಗ ಏನಾಗುತ್ತದೆ? 35 ಆಂಪಿಯರ್ ಎರಡು ಪಾಲಾಗಿ ಒಂದೊಂದರ ಮೇಲೆ ಹದಿನೇಳೂವರೆ ಬೀಳುತ್ತದೆ. ಭಾರ ಇಳಿದದ್ದರಿಂದ ಪ್ರತಿಯೊಂದೂ ಮೊದಲಿಗಿಂತ ಉದಾರವಾಗುತ್ತದೆ. ಸೂತ್ರದ ಉತ್ತರ ಏಳು ಗಂಟೆ ಹದಿನಾಲ್ಕು ನಿಮಿಷ. ಮೂರು ಗಂಟೆ ಒಂಬತ್ತು ನಿಮಿಷದ ಎರಡು ಪಟ್ಟಲ್ಲ ಇದು, ಎರಡೂಕಾಲು ಪಟ್ಟಿಗೂ ಒಂದಿಷ್ಟು ಮೇಲೆ. ಬ್ಯಾಟರಿ ಮಾರುವವರು ಜಾಹೀರಾತಿನಲ್ಲಿ ಏನೇನೋ ಹೇಳುತ್ತಾರೆ, ಇದನ್ನು ಮಾತ್ರ ಯಾಕೋ ಹೇಳುವುದಿಲ್ಲ.

(ಏಳು ಗಂಟೆಯನ್ನೂ ಖಾಲಿ ಮಾಡಿ ಕೂರಬಾರದು ಎನ್ನುವುದು ಬೇರೆ ಮಾತು. ಸೀಸದ ಬ್ಯಾಟರಿಯನ್ನು ತಳ ಕಾಣುವ ತನಕ ಬಳಸಿದಷ್ಟೂ ಅದರ ಆಯುಸ್ಸು ಕುಸಿಯುತ್ತದೆ. ಅರ್ಧಕ್ಕೆ ನಿಲ್ಲಿಸುವ ಮನೆಗಳು ಬ್ಯಾಟರಿಯ ದುಡ್ಡನ್ನು ವಸೂಲಿ ಮಾಡುತ್ತವೆ.)

ಸೀರೀಸೋ ಪ್ಯಾರಲಲ್ಲೋ ಎಂಬ ಜಿಜ್ಞಾಸೆ ‘ಬ್ಯಾಟರಿ’ ಎಂಬ ಪದದಷ್ಟೇ ಹಳೆಯದು. ಫಿರಂಗಿಗಳ ಸಾಲಿಗೆ ಇದ್ದ ಈ ಹೆಸರನ್ನು ವಿದ್ಯುತ್ತಿಗೆ ಎಳೆದು ತಂದವನು ಬೆಂಜಮಿನ್ ಫ್ರಾಂಕ್ಲಿನ್. 1749ರ ಅವನ ಬ್ಯಾಟರಿಯಲ್ಲಿ ಆಸಿಡ್ಡೂ ಇರಲಿಲ್ಲ, ಸೀಸದ ಆಕ್ಸೈಡೂ ಇರಲಿಲ್ಲ. ಹನ್ನೊಂದು ದೊಡ್ಡ ಕಿಟಕಿ ಗಾಜು, ಒಂದೊಂದರ ಎರಡೂ ಮೈಗೆ ಸೀಸದ ತಗಡು. ಒಂದರ ಹಿಂದೊಂದು ಕೊಂಡಿ ಹಾಕಿ ಎಲ್ಲವಕ್ಕೂ ಒಟ್ಟಿಗೇ ವಿದ್ಯುತ್ತು ತುಂಬುತ್ತಿದ್ದ. ಬಿಡುವಾಗ ಎಲ್ಲ ಗಾಜುಗಳ ಒಂದು ಮೈಯನ್ನು ಒಂದು ತಂತಿಗೆ, ಇನ್ನೊಂದು ಮೈಯನ್ನು ಮತ್ತೊಂದು ತಂತಿಗೆ ಸೇರಿಸಿ ಏಟು ಕೊಡಿಸುತ್ತಿದ್ದ. ತುಂಬುವುದು ಸರಣಿ, ಸುರಿಯುವುದು ಸಮಾಂತರ. ನೂರಾಹನ್ನೊಂದು ವರ್ಷ ಕಳೆದು 1860ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಎದುರು ಸೀಸ-ಆಸಿಡ್ ಬ್ಯಾಟರಿಯನ್ನು ಇಟ್ಟ ಗಾಸ್ಟನ್ ಪ್ಲಾಂಟೆ ಮುಂದೆ ಇದನ್ನೇ ತಿರುವುಮುರುವು ಮಾಡಿದ: ಸಮಾಂತರದಲ್ಲಿ ಚಾರ್ಜ್ ಮಾಡಿ, ಸ್ವಿಚ್ಚು ತಿರುಗಿಸಿ ಸರಣಿಯಲ್ಲಿ ಬಿಡುವುದು. ಕಡಿಮೆ ವೋಲ್ಟಿನಲ್ಲಿ ನಿಧಾನಕ್ಕೆ ತುಂಬಿದ್ದನ್ನು ಹೆಚ್ಚು ವೋಲ್ಟಿನಲ್ಲಿ ಒಮ್ಮೆಗೇ ಎಸೆಯುವ ಉಪಾಯ.

ಇವರಿಬ್ಬರಿಗಿಂತ ಬಹಳ ಮೊದಲೇ ಒಂದು ಮೀನು ಈ ಲೆಕ್ಕ ಬಿಡಿಸಿತ್ತು.

ಟಾರ್ಪಿಡೊ ಎಂಬ ಚಪ್ಪಟೆ ಮೀನು ಸಮುದ್ರದ ತಳದ ಮರಳಿನಲ್ಲಿ ಹುದುಗಿರುತ್ತದೆ. ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದರ ದಾಯಾದಿಗಳು ನಮ್ಮ ದೇಶದ ಕರಾವಳಿಯಲ್ಲೂ ಇವೆ. 1773ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಅದನ್ನು ಕೊಯ್ದು ನೋಡಿದಾಗ ತಲೆಯ ಎರಡೂ ಬದಿಗೆ ಒಂದೊಂದು ಅಂಗ ಕಂಡಿತು. ಒಂದೊಂದು ಅಂಗದಲ್ಲಿ ಜೇನುಹುಟ್ಟಿನಂತೆ ಒತ್ತೊತ್ತಾಗಿ ನಿಂತ ಸುಮಾರು 470 ಕಂಬಗಳು. ಪ್ರತಿ ಕಂಬವೂ ನಾಣ್ಯ ಪೇರಿಸಿದಂತೆ ತೆಳು ಬಿಲ್ಲೆಗಳ ಅಟ್ಟಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅಟ್ಟಿಯ ಒಳಗೆ ಸರಣಿ, ಅಟ್ಟಿ ಅಟ್ಟಿಗಳ ನಡುವೆ ಸಮಾಂತರ.

ಅಮೆಜಾನಿನ ಹೊಳೆಗಳಲ್ಲಿರುವ ವಿದ್ಯುತ್ ಹಾವುಮೀನಿನದು ಬೇರೆಯೇ ನಕಾಶೆ. ಉದ್ದಕ್ಕೆ ಸಾವಿರಗಟ್ಟಲೆ ಕೋಶಗಳ ಸರಣಿ. ಒಂದು ಕೋಶ ಕೊಡುವುದು 0.15 ವೋಲ್ಟಿನಷ್ಟಾದರೂ ಒಟ್ಟು ಮೊತ್ತ ನೂರುಗಟ್ಟಲೆ. 2019ರಲ್ಲಿ ಹೊಸದಾಗಿ ಹೆಸರಿಟ್ಟ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದಿದ್ದಾರೆ. ಟಾರ್ಪಿಡೊದ ಸಾಮಾನ್ಯ ಜಾತಿಗಳು ಐವತ್ತು ವೋಲ್ಟಿನ ಆಜುಬಾಜಿನಲ್ಲೇ ಮುಗಿಸುತ್ತವೆ, ಆದರೆ ಆಂಪಿಯರ್ ಧಾರಾಳ. ವ್ಯತ್ಯಾಸಕ್ಕೆ ಕಾರಣ ನೀರು. ಹೊಳೆಯ ಸಿಹಿನೀರು ವಿದ್ಯುತ್ತಿಗೆ ಸುಲಭದಲ್ಲಿ ದಾರಿ ಬಿಡುವುದಿಲ್ಲ, ತಳ್ಳಲು ವೋಲ್ಟು ಬೇಕು. ಸಮುದ್ರದ ಉಪ್ಪುನೀರು ದಾರಿ ಬಿಡುತ್ತದೆ, ಜೊತೆಗೆ ನಾಲ್ಕೂ ದಿಕ್ಕಿಗೆ ಸೋರಿಸಿಯೂ ಬಿಡುತ್ತದೆ; ಅಲ್ಲಿ ಬೇಕಾದದ್ದು ಪ್ರಮಾಣ. ಲೋಡು ನೋಡಿ ಬ್ಯಾಟರಿ ಕಟ್ಟು ಎಂದು ಅಂಗಡಿಯವನು ಹೇಳುವುದೂ ಇದನ್ನೇ.

ಟಾರ್ಪಿಡೊ ಮೀನಿನ ಏಟು ನಿಜಕ್ಕೂ ವಿದ್ಯುತ್ತೇ ಹೌದೇ ಎಂಬ ಅನುಮಾನ ಹಂಟರನ ಕಾಲದಲ್ಲಿ ಬಹಳ ಜನಕ್ಕಿತ್ತು. ಕಿಡಿ ಕಾಣಿಸದ ವಿದ್ಯುತ್ತು ಎಂಥದ್ದು? ಉತ್ತರ ಕೊಟ್ಟವನು ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್. ಮನುಷ್ಯರ ಮುಖ ನೋಡಿ ಮಾತಾಡಲೂ ಅಂಜುತ್ತಿದ್ದ ಆಸಾಮಿ. ಉಪ್ಪುನೀರಿನಲ್ಲಿ ನೆನೆಸಿದ ತೊಗಲಿನಿಂದ ಮೀನಿನ ಆಕಾರ ಮಾಡಿ, ಒಳಗೆ ಲೋಹದ ಹಲಗೆ ಇಟ್ಟು, ಅದಕ್ಕೆ ವಿದ್ಯುತ್ತು ತುಂಬಿಡುವ ಗಾಜಿನ ಲೈಡನ್ ಜಾಡಿಗಳ ಬ್ಯಾಟರಿ ಜೋಡಿಸಿದ. ಏಳು ಸಾಲು, ಸಾಲಿಗೆ ಏಳು, ಒಟ್ಟು 49 ಜಾಡಿ, ಎಲ್ಲವೂ ಒಟ್ಟಿಗೇ ಸುರಿಯುವಂತೆ. ಜಾಡಿಗಳನ್ನು ಬಿಗಿಯಾಗಿ ತುಂಬಲಿಲ್ಲ; ಬಹಳ ಜಾಡಿಗಳಿಗೆ ಸ್ವಲ್ಪಸ್ವಲ್ಪ ತುಂಬಿದ. 1775ರಲ್ಲಿ ಅಪರೂಪಕ್ಕೆ ಮಂದಿಯನ್ನು ಕರೆಸಿ ಆ ತೊಗಲು ಮೀನನ್ನು ಮುಟ್ಟಿಸಿದ. ಬಂದವರಲ್ಲಿ ಅದೇ ಜಾನ್ ಹಂಟರನೂ ಇದ್ದ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಯೂ ಇದ್ದ. ಕಿಡಿ ಹಾರಲಿಲ್ಲ, ಏಟು ಮಾತ್ರ ಮೀನಿನದರಂತೆಯೇ ಬಿತ್ತು. ವಿದ್ಯುತ್ತಿನ ತೀವ್ರತೆ ಬೇರೆ, ಪ್ರಮಾಣ ಬೇರೆ ಎಂದು 1776ರಲ್ಲಿ ಅವನು ಬರೆದಾಗ ವೋಲ್ಟ್, ಆಂಪಿಯರ್ ಎಂಬ ಪದಗಳೇ ಹುಟ್ಟಿರಲಿಲ್ಲ. ಜಗಲಿಯ ಇನ್ವರ್ಟರಿನ ಮುಂದೆ ಇವತ್ತೂ ನಡೆಯುವ ‘ಡಬಲ್ ಆಯ್ತಾ, ಇಲ್ವಾ’ ಚರ್ಚೆ ಅಂದೇ ಒಂದು ಹಂತಕ್ಕೆ ತೀರ್ಮಾನವಾಗಿತ್ತು.

ಲೆಕ್ಕದ ಇನ್ನೊಂದು ಮೂಲೆ ಬ್ಯಾಟರಿಯೊಳಗಿನ ಆಂತರಿಕ ರೋಧ. ನಮ್ಮ 150 ಎಎಚ್ ಬ್ಯಾಟರಿಗೆ ಅದು 5 ಮಿಲಿಓಮ್, ವಿಶ್ರಾಂತಿಯಲ್ಲಿದ್ದಾಗಿನ ವೋಲ್ಟೇಜು 12.5 ಎಂದು ಇಟ್ಟುಕೊಳ್ಳಿ. ಎರಡು ಟರ್ಮಿನಲ್ಲಿನ ಮೇಲೆ ಸ್ಪ್ಯಾನರು ಜಾರಿ ಬಿದ್ದರೆ ಹರಿಯುವುದು 12.5 ಭಾಗಿಸು 0.005, ಅಂದರೆ 2,500 ಆಂಪಿಯರ್. ಸಮಾಂತರದಲ್ಲಿ ರೋಧ ಅರ್ಧಕ್ಕೆ ಇಳಿದು 2.5 ಮಿಲಿಓಮ್ ಆಗುವುದರಿಂದ ಅದೇ ಸ್ಪ್ಯಾನರಿನಲ್ಲಿ 5,000. ನುರಿತವರು ಉಂಗುರ, ಕೈಗಡಿಯಾರ ತೆಗೆದಿಟ್ಟು ಕೆಲಸ ಶುರು ಮಾಡುವುದು ಶಾಸ್ತ್ರಕ್ಕಲ್ಲ. ಒಂದು ಬ್ಯಾಟರಿಯಿಂದ ಹೊರಗೆ ಪಡೆಯಬಹುದಾದ ಗರಿಷ್ಠ ವಾಟನ್ನೂ ಇದರಿಂದಲೇ ತೆಗೆಯಬಹುದು: ವೋಲ್ಟಿನ ವರ್ಗವನ್ನು ನಾಲ್ಕು ಪಟ್ಟು ರೋಧದಿಂದ ಭಾಗಿಸಿದರೆ 7,812 ವಾಟ್, ಹತ್ತು ಎಚ್‌ಪಿಗೂ ಹೆಚ್ಚು. ಎರಡು ಸಮಾಂತರದಲ್ಲಿದ್ದರೆ 15,625. ಎರಡನ್ನೂ ಸರಣಿಗೆ ಹಾಕಿ ನೋಡಿ. ವೋಲ್ಟು 25, ರೋಧ 10 ಮಿಲಿಓಮ್, ಉತ್ತರ ಮತ್ತೆ 15,625. ಜೋಡಣೆ ಬದಲಾದರೆ ಶಕ್ತಿ ಬದಲಾಗುವುದಿಲ್ಲ, ಅದು ವೋಲ್ಟಿನ ವೇಷದಲ್ಲಿ ಬರುತ್ತದೋ ಆಂಪಿಯರ್ ವೇಷದಲ್ಲೋ ಎಂಬುದಷ್ಟೇ ಬದಲಾಗುತ್ತದೆ. ಆ ಗರಿಷ್ಠವನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಅಷ್ಟೇ ಶಾಖ ಬ್ಯಾಟರಿಯ ಒಳಗೂ ಹುಟ್ಟಿ ಅದು ಕುದ್ದುಹೋಗುತ್ತದೆ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಅವಳಿಜವಳಿ ಬ್ಯಾಟರಿಗಳದ್ದು. ತೋಟದ ಮನೆಯ ಯಜಮಾನರು ಮಾಡಿದ್ದು ಹಾಗಲ್ಲವಲ್ಲ. ಹೊಸದನ್ನು ತಂದು ನಾಲ್ಕು ವರ್ಷ ದುಡಿದ ಹಳೆಯದರ ಪಕ್ಕ ಕೂರಿಸಿದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯನ್ನು ಬ್ಯಾಟರಿಗೆಂದೇ ಯಾರೋ ಕಟ್ಟಿದಂತಿದೆ.

ಹೊಸದರ ವೋಲ್ಟೇಜು 12.5, ರೋಧ 5 ಮಿಲಿಓಮ್. ಹಳೆಯದರ ವೋಲ್ಟೇಜು 11.9ಕ್ಕೆ ಇಳಿದಿದೆ, ರೋಧ 20ಕ್ಕೆ ಏರಿದೆ ಎನ್ನೋಣ. ಲೋಡೇ ಇಲ್ಲದೆ, ತಂತಿ ಬಿಗಿದ ಕೂಡಲೇ ನಡುವಿನ 0.6 ವೋಲ್ಟಿನ ವ್ಯತ್ಯಾಸ 25 ಮಿಲಿಓಮ್ ಮೂಲಕ 24 ಆಂಪಿಯರ್ ಹರಿಸುತ್ತದೆ. ಹೊಸದು ಹಳೆಯದಕ್ಕೆ ಸುರಿಯುತ್ತಿದೆ, ಮನೆಯಲ್ಲಿ ಒಂದು ಬಲ್ಬೂ ಉರಿದಿಲ್ಲ. ಈಗ ಫ್ಯಾನು, ಟಿವಿ ಹಾಕಿ 35 ಆಂಪಿಯರ್ ಎಳೆಯಿರಿ. ದ್ವಿತೀಯ ಪಿಯುಸಿಯಲ್ಲಿ ಕೋಶಗಳ ಸಮಾಂತರ ಜೋಡಣೆಯ ಸೂತ್ರವನ್ನು ಬಾಯಿಪಾಠ ಮಾಡಿದವರು ಅದನ್ನು ಬಳಸುವ ಅಪರೂಪದ ಗಳಿಗೆ ಇದು. ಪ್ರತಿ ಬ್ಯಾಟರಿಯ ವೋಲ್ಟನ್ನು ಅದರ ರೋಧದಿಂದ ಭಾಗಿಸಿ ಕೂಡಬೇಕು: 2,500 ಮತ್ತು 595, ಒಟ್ಟು 3,095. ರೋಧಗಳ ವಿಲೋಮಗಳನ್ನು ಕೂಡಬೇಕು: 200 ಮತ್ತು 50, ಒಟ್ಟು 250. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಜೋಡಿಯ ವೋಲ್ಟೇಜು 12.38, ಜೋಡಿಯ ರೋಧ 4 ಮಿಲಿಓಮ್. 35 ಆಂಪಿಯರ್ ಎಳೆದಾಗ ಟರ್ಮಿನಲ್ಲಿನಲ್ಲಿ ಉಳಿಯುವುದು 12.24.

12.24 ಎನ್ನುವುದು ಹಳೆಯ ಬ್ಯಾಟರಿಯ 11.9ಕ್ಕಿಂತ ಹೆಚ್ಚು. ಅಂದಮೇಲೆ ಅದರಿಂದ ವಿದ್ಯುತ್ತು ಹೊರಗೆ ಬರುವುದೆಲ್ಲಿಂದ? ಹೊಸದು 52 ಆಂಪಿಯರ್ ಕೊಡುತ್ತಿದೆ. ಅದರಲ್ಲಿ 35 ಮನೆಗೆ, 17 ಹಳೆಯ ಬ್ಯಾಟರಿಯ ಹೊಟ್ಟೆಗೆ. ನೆರವಿಗೆ ಬಂದವನನ್ನೇ ಮನೆಯ ಹಿರಿಯ ಉಣ್ಣುತ್ತಿದ್ದಾನೆ. ಹೊತ್ತು ಕಳೆದಂತೆ ಎರಡರ ವೋಲ್ಟೇಜು ಹತ್ತಿರ ಬಂದು ಈ ಹರಿವು ಇಳಿಯುತ್ತದೆ ನಿಜ. ಆದರೆ ಹಳೆಯದಕ್ಕೆ ಹೋದದ್ದರಲ್ಲಿ ಬಹುಪಾಲು ತಿರುಗಿ ಬರುವುದಿಲ್ಲ. ಆರು ಕೋಶಗಳಲ್ಲಿ ಒಂದು ಒಳಗೇ ಶಾರ್ಟ್ ಆಗಿದ್ದರಂತೂ ಕೇಳಬೇಡಿ. ಹತ್ತೂವರೆ ವೋಲ್ಟಿಗೆ ಕುಸಿದ ಆ ಬ್ಯಾಟರಿ ಪಕ್ಕದವನನ್ನು ಹೀರುತ್ತಲೇ ಬಿಸಿಯೇರುತ್ತದೆ, ಹೈಡ್ರೋಜನ್ ಬಿಡುತ್ತದೆ. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ ಬ್ಯಾಟರಿ ಇಡಬಾರದು ಎನ್ನುವುದು ಇದಕ್ಕೇ.

ಎರಡೂ ಹೊಸದಾದರೂ ತಂತಿ ಕಟ್ಟುವಲ್ಲಿ ಒಂದು ಸೂಕ್ಷ್ಮ ಉಂಟು. ಇನ್ವರ್ಟರಿನ ಕೆಂಪು, ಕಪ್ಪು ಎರಡನ್ನೂ ಹತ್ತಿರದ ಬ್ಯಾಟರಿಗೇ ಬಿಗಿದು, ಅಲ್ಲಿಂದ ಎರಡು ತುಂಡು ತಂತಿ ಪಕ್ಕದ್ದಕ್ಕೆ ಎಳೆಯುವುದು ರೂಢಿ. ನೋಡಲು ಚೊಕ್ಕಟ. ಆದರೆ ತಂತಿ, ಲಗ್ಗು, ಟರ್ಮಿನಲ್ಲಿನ ಬಿಳಿಹಸಿರು ಬೂಷ್ಟು ಸೇರಿ ಆ ಒಂದೊಂದು ತುಂಡು 1 ಮಿಲಿಓಮ್ ಆದರೂ ಸಾಕು, ಮೊದಲನೆಯ ಬ್ಯಾಟರಿಯ ಹಾದಿ 5, ಎರಡನೆಯದರದು 7. 35 ಆಂಪಿಯರ್‌ನಲ್ಲಿ ಮೊದಲನೆಯದು 20.4 ಹೊರುತ್ತದೆ, ಎರಡನೆಯದು 14.6. ದಿನವೂ ಹೀಗೆ ನಡೆದರೆ ಮೊದಲನೆಯದು ಮೊದಲು ಮುದಿಯಾಗಿ, ಮೇಲೆ ಹೇಳಿದ ಎತ್ತು-ಕೋಣದ ಕಥೆ ತಾನಾಗಿಯೇ ಶುರುವಾಗುತ್ತದೆ. ಪರಿಹಾರಕ್ಕೆ ಕಾಸೂ ಖರ್ಚಿಲ್ಲ: ಕೆಂಪನ್ನು ಮೊದಲನೆಯ ಬ್ಯಾಟರಿಯ ಪ್ಲಸ್ಸಿನಿಂದ, ಕಪ್ಪನ್ನು ಎರಡನೆಯದರ ಮೈನಸ್ಸಿನಿಂದ ಮೂಲೆಗೆ ಮೂಲೆಯಾಗಿ ತೆಗೆದರೆ ಎರಡೂ ಹಾದಿ 6 ಮಿಲಿಓಮ್, ಪಾಲು ಸಮ.

ತುಂಬಿಸುವ ಲೆಕ್ಕವನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಇನ್ವರ್ಟರಿನ ಚಾರ್ಜರು 12 ಆಂಪಿಯರ್‌ದ್ದಾದರೆ ಖಾಲಿಯಾದ 150 ಎಎಚ್‌ಗೆ ಹನ್ನೆರಡೂವರೆ ಗಂಟೆ. ನಷ್ಟ ಸೇರಿಸಿದರೆ ಹದಿನೈದು. 300ಕ್ಕೆ ಅದರ ದುಪ್ಪಟ್ಟು, ಮೂವತ್ತು ಗಂಟೆ. ಮಳೆಗಾಲದಲ್ಲಿ ದಿನಕ್ಕೆ ಏಳೆಂಟು ಗಂಟೆ ಕರೆಂಟು ಕಾಣುವ ಮನೆಯಲ್ಲಿ ಈ ಜೋಡಿ ಎಂದಿಗೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತ ಸೀಸದ ಫಲಕದ ಮೇಲೆ ಸಲ್ಫೇಟು ಹರಳುಗಟ್ಟುತ್ತದೆ. ಆಮೇಲೆ ಕರೆಂಟು ಬಂದರೂ ಅದು ಕರಗುವುದಿಲ್ಲ. ಎರಡನೆಯ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಕೇಳಬೇಕಾದದ್ದು ಎಷ್ಟು ಹೊತ್ತು ಕರೆಂಟು ಹೋಗುತ್ತದೆ ಎಂದಲ್ಲ, ಎಷ್ಟು ಹೊತ್ತು ಇರುತ್ತದೆ ಎಂದು.

ವಿದ್ಯುತ್ ಕಾರು ಕಟ್ಟುವವರಿಗೆ ಜೋಡಣೆಯ ಈ ತಾಪತ್ರಯ ಸಾವಿರಪಟ್ಟು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಸಮಾಂತರದ ಸಹವಾಸಕ್ಕೇ ಹೋಗಲಿಲ್ಲ. 6 ವೋಲ್ಟಿನ ಎಂಟು ಸೀಸದ ಬ್ಯಾಟರಿ ಸರಣಿಯಲ್ಲಿ, 48 ವೋಲ್ಟು. ಟೆಸ್ಲಾ ಮಾಡೆಲ್ ಎಸ್‌ನ 85 ಕಿಲೊವಾಟ್-ಗಂಟೆಯ ಪೆಟ್ಟಿಗೆ ಅದಕ್ಕೆ ತದ್ವಿರುದ್ಧ. ಲ್ಯಾಪ್‌ಟಾಪಿನಲ್ಲಿ ಇರುತ್ತಿದ್ದಂಥ ಹೆಬ್ಬೆರಳು ಗಾತ್ರದ 7,104 ಸೆಲ್ಲು. 74 ಸೆಲ್ಲುಗಳನ್ನು ಸಮಾಂತರದಲ್ಲಿ ಕಟ್ಟಿ ಒಂದು ಗುಂಪು. ಅಂಥ 96 ಗುಂಪುಗಳ ಸರಣಿ. ಸೆಲ್ಲಿಗೆ 3.6 ವೋಲ್ಟು, 3.2 ಆಂಪಿಯರ್-ಗಂಟೆ ಹಿಡಿದು ಗುಣಿಸಿದರೆ 82 ಯೂನಿಟ್ಟಿನ ಹತ್ತಿರ ಬರುತ್ತದೆ, ನಮ್ಮ ಜಗಲಿಯಲ್ಲಿರುವಂಥ ನಲವತ್ತೈದು ಬ್ಯಾಟರಿಗಳಷ್ಟು. ಆ 74ರಲ್ಲಿ ಒಂದು ಸೆಲ್ಲು ಒಳಗೆ ಶಾರ್ಟ್ ಆದರೆ ಉಳಿದ 73 ಅದರ ಮೇಲೆ ಮುಗಿಬೀಳಬೇಕು; ಬೆಂಕಿಗೆ ಅಷ್ಟು ಸಾಕು. ಅದಕ್ಕೇ ಪ್ರತಿ ಸೆಲ್ಲನ್ನೂ ಕೂದಲೆಳೆಯಂಥ ತಂತಿಯಿಂದ ಬೆಸೆದಿದ್ದಾರೆ. ಅತಿಯಾದರೆ ಆ ಎಳೆ ಸುಟ್ಟು ತುಂಡಾಗುತ್ತದೆ, ಗುಂಪು 73ರಲ್ಲಿ ಮುಂದುವರಿಯುತ್ತದೆ. ನಿಸಾನ್ ಲೀಫ್ ಹಳೆಯ ಮಾದರಿಯಲ್ಲಿ ದೊಡ್ಡ ಸೆಲ್ಲುಗಳನ್ನು ಬಳಸಿ ಎರಡೆರಡೇ ಸಮಾಂತರ ಇಟ್ಟು, 192 ಸೆಲ್ಲಿನಲ್ಲಿ ಕೆಲಸ ಮುಗಿಸಿತು.

ಈಗ ಮನೆಗಳಿಗೂ ಲಿಥಿಯಂ ಬರುತ್ತಿದೆ. ಪ್ಯೂಕರ್ಟನ ದಂಡ ಅಲ್ಲಿ ತೀರಾ ಕಡಿಮೆ; ಹಾಗಾಗಿ ಎರಡು ಸೇರಿದರೆ ಎರಡೇ, ಎರಡೂಕಾಲಿನ ಲಾಭವಿಲ್ಲ. ಇನ್ನೊಂದು ತೊಡಕು, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜು ಮುಕ್ಕಾಲು ತುಂಬಿದ್ದಾಗಲೂ ಮೂರನೇ ಒಂದು ತುಂಬಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೀಟರು ಇಟ್ಟು ‘ಎರಡೂ ಸಮ ಇದೆ’ ಎನ್ನುವಂತಿಲ್ಲ. ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿದ ಮೇಲೆಯೇ ಜೋಡಿಸುವುದು ಸುರಕ್ಷಿತ. ಸೀಸಕ್ಕೂ ಲಿಥಿಯಂಗೂ ಗಂಟು ಹಾಕುವ ಸಾಹಸವಂತೂ ಬೇಡವೇ ಬೇಡ.

ಹೊಸನಗರದ ಮನೆಗೆ ಎಲೆಕ್ಟ್ರಿಷಿಯನ್ ಎರಡನೆಯ ಸಲ ಬಂದಾಗ ಜೇಬಿನಲ್ಲಿ ಗಾಜಿನ ಹೈಡ್ರೋಮೀಟರು ತಂದಿರುತ್ತಾನೆ. ಬಿರಡೆ ಒಂದೊಂದೇ ಬಿಚ್ಚಿ ಆಸಿಡ್ಡು ಹೀರಿ ‘ಗ್ರಾವಿಟಿ’ ನೋಡುತ್ತಾನೆ. ಹೊಸದರ ಆರೂ ಕೋಶಗಳಲ್ಲಿ ತೇಲುಬುರುಡೆ 1,240ರ ಗೆರೆಗೆ ನಿಲ್ಲುತ್ತದೆ. ಬಾಯಿಲೆಕ್ಕದಲ್ಲಿ 1.24ಕ್ಕೆ 0.84 ಕೂಡಿ 2.08, ಆರರಿಂದ ಗುಣಿಸಿ ಹನ್ನೆರಡೂವರೆ. ಹಳೆಯದರಲ್ಲಿ ನಾಲ್ಕು ಕೋಶ ಪರವಾಗಿಲ್ಲ, ಐದನೆಯದು ಸೋತಿದೆ, ಆರನೆಯದರಲ್ಲಿ ಬುರುಡೆ ತಳ ಬಿಟ್ಟು ಏಳುವುದೇ ಇಲ್ಲ. ಅವನು ಏನೂ ಹೇಳದೆ ನಡುವಿನ ಎರಡು ತಂತಿ ಕಳಚುತ್ತಾನೆ.

ಹಳೆಯದು ಎಕ್ಸ್‌ಚೇಂಜಿಗೆ ಹೋಗುತ್ತದೆ, ಸೀಸಕ್ಕೆ ಬೆಲೆಯಿದೆ. ಬದಲಿಗೆ ಬಂದದ್ದರ ಮುಚ್ಚಳದ ಮೇಲಿನ ತಯಾರಿಕೆಯ ತಿಂಗಳನ್ನು ಯಜಮಾನರು ಕನ್ನಡಕ ಏರಿಸಿ ಓದಿ, ಪಕ್ಕದ್ದರ ಜೊತೆ ಹೋಲಿಸುತ್ತಾರೆ. ಒಂದೇ ತಿಂಗಳ ಅಂತರ. ಎರಡನ್ನೂ ಒಂದೊಂದು ರಾತ್ರಿ ಬೇರೆಬೇರೆ ಚಾರ್ಜ್ ಮಾಡಿ, ಕೆಂಪು ಈ ತುದಿಗೆ ಕಪ್ಪು ಆ ತುದಿಗೆ ಬಿಗಿದು, ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತಾನೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರು ಬಂದ ದಿನದ ಗುರುತಿನ ಪಕ್ಕದ ಚೌಕದಲ್ಲಿ ಪೆನ್ಸಿಲಿನ ಬರಹ: ‘ಬ್ಯಾಟರಿ ಎರಡಕ್ಕೂ ನೀರು.’ ಮಿಕ್ಸಿ ಈಗಲೂ ಕರೆಂಟು ಬರುವುದನ್ನೇ ಕಾಯುತ್ತದೆ.